ಗಟ್ಟಿ ಫೌಂಡೇಶನ್ ಹಾಕಿಸುವ ಮುನ್ನ ಸಬ್‌ಫ್ರೇಮ್ ನೋಡಿ

ಹಳೆಯ ಸ್ಪೀಡ್ ಕಾರಿಗೆ ಪಾಲಿಯುರೆಥೇನ್ ಅಥವಾ ಲೇಥ್‌ನಲ್ಲಿ ಕಡೆಸಿದ ನೈಲಾನ್ ಇಂಜಿನ್ ಫೌಂಡೇಶನ್ (ಇಂಜಿನ್ ಕೂರುವ ಮೌಂಟ್) ಹಾಕಿಸಿದರೆ ಮೊದಮೊದಲು ಖುಷಿಯೇ. ಗೇರ್ ಬದಲಿಸುವಾಗ ಇಂಜಿನ್ ಜೋಲಿ ಹೊಡೆಯುವುದಿಲ್ಲ, ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ನೆಗೆಯುತ್ತದೆ. ಆದರೆ ಇಷ್ಟು ದಿನ ರಬ್ಬರ್ ನುಂಗುತ್ತಿದ್ದ ಪೆಟ್ಟು ಈಗ ನೇರವಾಗಿ ಸಬ್‌ಫ್ರೇಮಿನ, ಅಂದರೆ ಗಾಡಿಯ ಅಡಿಯಲ್ಲಿ ಫೌಂಡೇಶನ್ ಹೊರುವ ಚೌಕಟ್ಟಿನ, ತಗಡಿಗೆ ಬೀಳುತ್ತಿರುತ್ತದೆ. ಅದಿರು ಲಾರಿ ಓಡಾಡುವ ಸಂಡೂರು, ತೋರಣಗಲ್ಲು ರಸ್ತೆಯಲ್ಲಾಗಲಿ, ಎರೆ ಮಣ್ಣು ಉಬ್ಬಿ ಅಲೆಯೆದ್ದ ರಾಯಚೂರು ಕಡೆಯ ರಸ್ತೆಯಲ್ಲಾಗಲಿ ಈ ಪೆಟ್ಟು ಇನ್ನೂ ಜಾಸ್ತಿ.

ಲೆಕ್ಕ ನೋಡಿ. ಹೋಂಡಾ ಸಿಟಿ ವಿಟೆಕ್, ಆಕ್ಟೇವಿಯಾ ಆರ್‌ಎಸ್ ತರಹದ, ಇಂಜಿನ್ ಅಡ್ಡಕ್ಕೆ ಕೂತ ಗಾಡಿಗಳಲ್ಲಿ ಚಕ್ರಕ್ಕೆ ಹೋಗುವ ಪೂರ್ತಿ ಟಾರ್ಕ್‌ನ ತಿರುಗೇಟು ಫೌಂಡೇಶನ್‌ಗಳ ಮೇಲೆಯೇ ಬರುತ್ತದೆ. 150 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್‌ನ ಇಂಜಿನ್, ಮೊದಲ ಗೇರ್ 3.5, ಫೈನಲ್ ಡ್ರೈವ್ 4.2 ಎಂದುಕೊಂಡರೆ ಸುಮಾರು 2,200 ಎನ್‌ಎಂ. ಕ್ಲಚ್ ತಟ್ಟನೆ ಬಿಟ್ಟರೆ ಇನ್ನೂ ಹೆಚ್ಚು. ಬಿಎಂಡಬ್ಲ್ಯು ಇ36, ಇ46 ತರಹದ, ಇಂಜಿನ್ ಉದ್ದಕ್ಕೆ ಕೂತ ಗಾಡಿಗಳಲ್ಲಿ ಮುಂದಿನ ಸಬ್‌ಫ್ರೇಮಿನ ಫೌಂಡೇಶನ್ ಕೂರುವ ಕಿವಿಗಳೇ ಬಿರುಕು ಬಿಡುತ್ತವೆ. ಮುಂದಿನಿಂದ ನೋಡಿದರೆ ಈ ಇಂಜಿನ್ ಗಡಿಯಾರದ ದಿಕ್ಕಿಗೆ ತಿರುಗುತ್ತದೆ, ಹಾಗಾಗಿ ಆಕ್ಸಿಲರೇಟರ್ ಒತ್ತಿದಾಗ ಗಾಡಿಯ ಎಡಗಡೆಯ ಫೌಂಡೇಶನ್ ಮೇಲಕ್ಕೆ ಎಳೆಯುತ್ತದೆ. ಪರೀಕ್ಷೆ ಎಡಗಡೆಯಿಂದಲೇ ಶುರುವಾಗಲಿ. ಇದಲ್ಲದೆ ನಾಲ್ಕು ಸಿಲಿಂಡರ್ ಇಂಜಿನ್ 800 ಆರ್‌ಪಿಎಂನಲ್ಲಿ ಒಂದು ಗಂಟೆ ಐಡಲ್ ನಿಂತರೂ 96,000 ಸಲ ತಗಡನ್ನು ಅಲುಗಿಸುತ್ತದೆ.

ಹಳೇ ರಬ್ಬರ್ ಪೂರ್ತಿ ಕುಸಿದಿದ್ದರೂ ಅಷ್ಟೇ ಅಪಾಯ. ಆಗ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಮೊದಲ ಗೇರಿನಿಂದ ರಿವರ್ಸ್‌ಗೆ ಹಾಕುವಾಗ 'ಟಕ್' ಅನ್ನುವುದು, ಒಳಗೆ ದ್ರವ ತುಂಬಿದ ಫೌಂಡೇಶನ್ ಆದರೆ ಅದರ ಕೆಳಗೆ ಕಪ್ಪು ದ್ರವ ಸೋರುವುದು ಇದರ ಗುರುತು.

ನಮ್ಮ ಕಡೆ ಬಿರುಕು ಹುಡುಕುವಾಗ ಒಂದು ವಿಶೇಷ ತೊಂದರೆ ಇದೆ. ಬೇರೆ ಕಡೆ ಬಿರುಕಿನ ಬಾಯಿಂದ ಇಳಿದ ತುಕ್ಕಿನ ಕೆಂಪು ಗೆರೆ ಕಂಡೇ ಪತ್ತೆಯಾಗುತ್ತದೆ. ಬಳ್ಳಾರಿಯಲ್ಲಿ ಓಡಿದ ಗಾಡಿಯ ಹೊಟ್ಟೆಯೆಲ್ಲ ಅದಿರಿನ ಧೂಳಿನಿಂದ ಕೆಂಪಾಗಿರುವುದರಿಂದ ಆ ಗೆರೆ ಕಣ್ಣಿಗೆ ಬೀಳುವುದೇ ಇಲ್ಲ. ಮೊದಲು ಡೀಸೆಲ್ ಹಚ್ಚಿ ಬ್ರಷ್‌ನಿಂದ ಉಜ್ಜಿ, ಆಮೇಲೆ ಪ್ರೆಶರ್ ವಾಟರ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಬೋಲ್ಟ್ ತೂತಿನ ಸುತ್ತ ಅರ್ಧ ಚಂದ್ರಾಕಾರದ ಗೆರೆ, ಕಿವಿಯ ವೆಲ್ಡಿಂಗ್ ಅಂಚು, ತಗಡು ಮಡಚಿದ ಮೂಲೆ, ಈ ಮೂರು ಜಾಗ ಬಿಡಬೇಡಿ.

ಅನುಮಾನ ಬಂದ ಕಡೆ ಬಣ್ಣ ತೆಗೆದು ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣ) ಹಾಕಿ. ಕಿಟ್‌ನಲ್ಲಿ ಮೂರು ಡಬ್ಬಿ: ಕ್ಲೀನರ್, ಕೆಂಪು ಡೈ, ಬಿಳಿ ಡೆವಲಪರ್. ಡೈ ಹೊಡೆದು 10ರಿಂದ 20 ನಿಮಿಷ ಬಿಡಿ. ಒರೆಸುವಾಗ ಕ್ಲೀನರನ್ನು ಬಟ್ಟೆಗೆ ಹೊಡೆಯಿರಿ, ತಗಡಿಗೆ ನೇರವಾಗಿ ಹೊಡೆದರೆ ಬಿರುಕಿನೊಳಗಿನ ಡೈ ಕೂಡ ತೊಳೆದುಹೋಗಿ ಗಾಡಿ ಸರಿಯಿದೆ ಎಂದೇ ತೋರುತ್ತದೆ. ಡೆವಲಪರ್ ಹಾಕಿ 10 ನಿಮಿಷ ಕಾಯಿರಿ. ತಗಡಿನ ಬಿಸಿ 50 ಡಿಗ್ರಿ ದಾಟಿದರೆ ಡೈ ಒಣಗಿ ಫಲಿತಾಂಶ ಕೆಡುತ್ತದೆ, ಏಪ್ರಿಲ್-ಮೇ ಬಿಸಿಲಿನಲ್ಲಿ ಈ ಕೆಲಸ ಬೆಳಿಗ್ಗೆಯೇ ನೆರಳಲ್ಲಿ ಮುಗಿಸಬೇಕು.

ಬಿರುಕು ಸಿಕ್ಕಿದರೆ ಗಾಡಿಯಲ್ಲೇ ಇಟ್ಟು ಕೆಳಗಿನಿಂದ ವೆಲ್ಡಿಂಗ್ ಮಾಡಿಸಬೇಡಿ. ಎಷ್ಟೋ ಪ್ಯಾಚ್‌ಗಳು ಪಕ್ಕದಲ್ಲೇ ಮತ್ತೆ ಸೀಳುವುದು ಇದರಿಂದಲೇ: ಮೇಲಿನ ಮುಖಕ್ಕೆ ಕೈ ಹೋಗುವುದಿಲ್ಲ, ಬಿರುಕಿನ ತುದಿ ಕಾಣುವುದಿಲ್ಲ. ಇಂಜಿನ್ ಅನ್ನು ಮೇಲಿನಿಂದ ಸಪೋರ್ಟ್ ಬಾರ್‌ಗೆ ತೂಗಿಸಿ, ಸಬ್‌ಫ್ರೇಮ್ ಕೂತ ಜಾಗಕ್ಕೆ ಗುರುತು ಹಾಕಿ ಇಳಿಸಿ. ಬಿರುಕಿನ ಸುತ್ತ 50 ಎಂಎಂ ಬಣ್ಣ, ತುಕ್ಕು ತೆಗೆಯಿರಿ. ಎರಡೂ ತುದಿಗೆ 3 ಎಂಎಂ ಡ್ರಿಲ್ ಹಾಕಿ, ಇಲ್ಲದಿದ್ದರೆ ಬಿರುಕು ವೆಲ್ಡಿಂಗ್ ದಾಟಿ ಮುಂದಕ್ಕೆ ಓಡುತ್ತದೆ. ಗೆರೆಯನ್ನು ವಿ ಆಕಾರದಲ್ಲಿ ತೆರೆದು 0.8 ಎಂಎಂ ಇಆರ್70ಎಸ್-6 ಉಕ್ಕಿನ ವೈರ್‌ನ ಮಿಗ್ ಅಥವಾ ಟಿಗ್ (ಕರೆಂಟಿನ ವೆಲ್ಡಿಂಗ್ ವಿಧಾನಗಳು) ನಲ್ಲಿ ತುಂಬಿಸಿ. ಗ್ಯಾಸ್ ವೆಲ್ಡಿಂಗ್ ಬೇಡ, ಅದರ ಬಿಸಿ ಅಗಲವಾಗಿ ಹರಡಿ ಬೋಲ್ಟ್ ತೂತುಗಳು ಜಾಗ ಬಿಡುತ್ತವೆ. ಕಿವಿಗೆ ಬೋಲ್ಟ್ ಬಿಗಿದಿಟ್ಟುಕೊಂಡೇ ವೆಲ್ಡ್ ಮಾಡುವುದು ಒಳ್ಳೆಯದು.

ಆಮೇಲೆ ಬಲಕ್ಕೆ ಪ್ಲೇಟ್. ಇಲ್ಲಿ ನಮ್ಮ ಟಿಂಕರ್‌ಗಳ ಕೈ ಸ್ವಲ್ಪ ಜೋರು, 5 ಎಂಎಂ ಪ್ಲೇಟ್ ಹಾಕಿಬಿಡುತ್ತಾರೆ. ಸಬ್‌ಫ್ರೇಮ್ ತಗಡು 2ರಿಂದ 3 ಎಂಎಂ ಇರುವಾಗ ಅಷ್ಟು ದಪ್ಪದ್ದರ ಅಂಚಿನಲ್ಲೇ ಹೊಸ ಬಿರುಕು ಹುಟ್ಟುತ್ತದೆ. ತಗಡಿನಷ್ಟೇ ದಪ್ಪದ್ದು ಸಾಕು. ಮೂಲೆಗಳನ್ನು ಗುಂಡಗೆ ಮಾಡಿ, 20-25 ಎಂಎಂ ತುಂಡು ತುಂಡಾಗಿ ವೆಲ್ಡ್ ಹಾಕಿಸಿ, ತಾನಾಗಿ ತಣ್ಣಗಾಗಲಿ. ನೀರು ಸುರಿಯಬಾರದು. ಆಮೇಲೆ ಜಿಂಕ್ ಪ್ರೈಮರ್, ಬಣ್ಣ, ಸಬ್‌ಫ್ರೇಮಿನ ಟೊಳ್ಳಿನೊಳಗೆ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ). ನೀರು ಇಳಿಯುವ ತೂತು ಮುಚ್ಚದಂತೆ ನೋಡಿಕೊಳ್ಳಿ. ಅಲ್ಯುಮಿನಿಯಂ ಸಬ್‌ಫ್ರೇಮ್ ಆದರೆ ಇದ್ಯಾವುದೂ ಬೇಡ, ಬದಲಾಯಿಸಿ.

ಫೌಂಡೇಶನ್ ಯಾವುದು? ರಸ್ತೆಯಲ್ಲಿ ಓಡುವ ಗಾಡಿಗೆ ಕಂಪನಿಯ ಹೊಸ ರಬ್ಬರೇ ಉತ್ತಮ, ಬೇಕೇಬೇಕೆಂದರೆ ಶೋರ್ ಎ (ರಬ್ಬರಿನ ಗಟ್ಟಿತನದ ಅಳತೆ) 60-70ರ ಒಳಗೆ. 80-95ರ ಪಾಲಿಯುರೆಥೇನ್, ನೈಲಾನ್, ಅಲ್ಯುಮಿನಿಯಂ ರೇಸ್ ಟ್ರ್ಯಾಕ್‌ಗೆ ಮಾತ್ರ, ಅದೂ ಪ್ಲೇಟ್ ಹಾಕಿದ ಸಬ್‌ಫ್ರೇಮ್ ಮೇಲೆ. ಎಲ್ಲಕ್ಕಿಂತ ಕೆಟ್ಟದ್ದು ಒಂದು ಗಟ್ಟಿ, ಉಳಿದವು ಹಳೇ ಮೆತ್ತನೆಯವು. ಮೆತ್ತನೆಯವು ಬಗ್ಗಿಕೊಂಡು ಭಾರವನ್ನೆಲ್ಲ ಗಟ್ಟಿಯದರ ಮೇಲೆ ಹಾಕುತ್ತವೆ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಎಕ್ಸಾಸ್ಟ್ ಬಿಸಿ ಫೌಂಡೇಶನ್‌ಗೆ ತಾಗದಂತೆ ತಡೆಯುವ ಹೀಟ್ ಶೀಲ್ಡ್ ಕಳೆದಿದ್ದರೆ ಅದನ್ನೂ ಹಾಕಿಸಿ.

ಫೌಂಡೇಶನ್ ಬೋಲ್ಟ್‌ಗಳನ್ನು ಮೊದಲು ಕೈಯಲ್ಲೇ ಹಾಕಿ. ಜಾಕ್ ಇಳಿಸಿ, ಇಂಜಿನ್ ಭಾರ ಪೂರ್ತಿ ಕೂತು, ಒಂದು ಸಲ ಸ್ಟಾರ್ಟ್ ಮಾಡಿ ಅಲುಗಾಡಿಸಿದ ಮೇಲೆ ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ ಬಿಗಿಯಿರಿ. ತೂಗಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಸಬ್‌ಫ್ರೇಮ್ ಇಳಿಸಿದ್ದರಿಂದ ವೀಲ್ ಅಲೈನ್‌ಮೆಂಟ್ ಕಡ್ಡಾಯ. 500 ಕಿ.ಮೀ. ಆದ ಮೇಲೆ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಇನ್ನೊಮ್ಮೆ ನೋಡಿ. ವೆಲ್ಡಿಂಗ್ ಮೇಲೆ ತಿಳಿ ಬಣ್ಣ ಬಳಿದಿಡಿ. ಪ್ರತಿ ಸರ್ವಿಸ್‌ನಲ್ಲಿ ಒದ್ದೆ ಬಟ್ಟೆಯಿಂದ ಧೂಳು ಒರೆಸಿದರೆ ಕೂದಲೆಳೆಯ ಗೆರೆಯೂ ಕಾಣುತ್ತದೆ.