ಲ್ಯಾನಲ್ಲಿ ಕಾಪಿ 11 ಎಂಬಿಗೇ ನಿಂತೈತಾ, ಮೊದ್ಲು ವೈರ್ ನೋಡ್ರಿ

ದಾವಣಗೆರೆ ನಿಟ್ಟುವಳ್ಳಿಲಿ ನಮ್ಮನೆ, ಮೇಲಿನ ರೂಮಲ್ಲಿ ತಮ್ಮ ಮದುವೆ ವಿಡಿಯೋ ಎಡಿಟ್ ಮಾಡ್ತಾನೆ, ಕೆಳಗಿನ ಪಿಸಿಲಿ ಬ್ಯಾಕಪ್ ಇಡ್ತೀವಿ. ಒಂದ್ ಮದುವೆ 200 ಜಿಬಿ ಆಗ್ತೈತೆ, ಅದು ಕೆಳಗಿಳಿಯೋಕೆ ಐದು ತಾಸು ಬೇಕಿತ್ತು, ಈಗ ಅರ್ಧ ತಾಸು ಸಾಕು. ಪಿಸಿ ಬದ್ಲಾಯಿಸ್ಲಿಲ್ಲ, ಡಿಸ್ಕೂ ಬದ್ಲಾಯಿಸ್ಲಿಲ್ಲ, ಎರಡು ಪಿಸಿ ಸೇರಿಸೋ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ವೈರ್ ಮಾತ್ರ ಬದ್ಲಾಯಿಸಿದ್ವಿ.

ಕಾಪಿ ಆಗೋವಾಗ ಕಾಣೋ ನಂಬರ್ ಸರಿಯಾಗಿ ಓದ್ರಿ. ಅದು ಸೆಕೆಂಡಿಗೆ ಎಷ್ಟು ಎಂಬಿ ಅಂತ ತೋರಿಸ್ತೈತೆ, ನೆಟ್‌ವರ್ಕ್ ಲೆಕ್ಕ ಎಂಬಿಪಿಎಸ್‌ನಲ್ಲಿರ್ತೈತೆ, ಅಂದ್ರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅಂತ, ಅದನ್ನ 8ರಿಂದ ಭಾಗಿಸಿದ್ರೆ ಎಂಬಿ ಸಿಗ್ತೈತೆ. ಗಿಗಾಬಿಟ್ (1000 ಎಂಬಿಪಿಎಸ್) ಲೈನಲ್ಲಿ 110ರ ಹತ್ರ ಬಂದ್ರೆ ಪೂರ್ತಿ ಬಂತು ಅಂತ. 11ರ ಆಸುಪಾಸಲ್ಲಿ ಗೆರೆ ಎಳೆದಂಗೆ ನಿಂತಿದ್ರೆ ಲೈನ್ 100 ಎಂಬಿಪಿಎಸ್‌ಗೆ ಇಳಿದೈತೆ ಅಂತ. 30-40 ಬಂದ್ರೆ ಡಿಸ್ಕನ್ನ ಯುಎಸ್‌ಬಿ 2.0 ಪೋರ್ಟಿಗೆ ಹಾಕಿದ್ದೀರೇನೋ ನೋಡ್ರಿ.

ವಿಂಡೋಸ್ ಸೆಟ್ಟಿಂಗ್ಸಲ್ಲಿ ನೆಟ್‌ವರ್ಕ್, ಈಥರ್‌ನೆಟ್ ಒಳಗೆ ಹೋದ್ರೆ ಲಿಂಕ್ ಸ್ಪೀಡ್ ಕಾಣ್ತೈತೆ, ಎರಡೂ ಪಿಸಿಲಿ ನೋಡ್ರಿ. ಯಾವ್ದ್ರಲ್ಲಿ 100 ಐತೋ ಆ ಕಡೆ ತೊಂದ್ರೆ. ಕೆಲವ್ರು ಅಡಾಪ್ಟರ್ ಸೆಟ್ಟಿಂಗಲ್ಲಿ ಬಲವಂತವಾಗಿ 1 ಜಿಬಿಪಿಎಸ್ ಅಂತ ಫಿಕ್ಸ್ ಮಾಡ್ತಾರೆ, ದಯವಿಟ್ಟು ಮಾಡ್ಬೇಡ್ರಿ, ಆಟೋದಲ್ಲೇ ಇರ್ಲಿ, ವೈರ್ ಕೆಟ್ಟಿದ್ರೆ ಅದ್ರಿಂದ ಏನೂ ಆಗಲ್ಲ.

ಯಾಕೆ 100ಕ್ಕೆ ಇಳೀತೈತೆ ಅಂದ್ರೆ, ಕೇಬಲ್ ಒಳಗೆ ಎಂಟು ಎಳೆ ನಾಲ್ಕು ಜೋಡಿಯಾಗಿರ್ತಾವೆ, 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. 100ಕ್ಕೆ ಬೇಡದ ನೀಲಿ ಇಲ್ಲಾ ಕಂದು ಜೋಡೀಲಿ ಒಂದು ಎಳೆ ಕಟ್ ಆದ್ರೂ ನೆಟ್ ಓಡ್ತಾನೇ ಇರ್ತೈತೆ, ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ನಮ್ಮನೇಲಿ ಮೆಟ್ಲು ಪಕ್ಕದ ಕಿಟಕಿ ಸಂದಿಲಿ ವೈರ್ ತೂರಿಸಿದ್ವಿ, ದಿನಾ ಕಿಟಕಿ ಹಾಕಿ ಹಾಕಿ ಅಲ್ಲಿ ಚಪ್ಪಟೆ ಆಗಿತ್ತು. ಮೇಲಿನ ಕವರ್ ಚೆನ್ನಾಗೇ ಇತ್ತು, ಬ್ಲೇಡಲ್ಲಿ ಸೀಳಿ ನೋಡಿದ್ರೆ ನೀಲಿ ಎಳೆ ತುಂಡಾಗಿ ತುದಿ ಹಸಿರುಗಟ್ಟಿತ್ತು. ಒಂದೊಂದು ಎಳೆಗೂ ಒಂದೊಂದು ಲೈಟ್ ಹತ್ತೋ ಲ್ಯಾನ್ ಟೆಸ್ಟರಲ್ಲಿ 4ನೇ ಲೈಟ್ ಹತ್ತದೇ ಇದ್ದಿದ್ದು ಇದಕ್ಕೇನೆ, ನೀಲಿ ಸಾಲಲ್ಲಿ ನಾಲ್ಕನೇದು.

ಆ ವೈರ್ ತೆಗೆದು ಕ್ಯಾಟ್5ಇ ಅನ್ನೋ ದರ್ಜೆಯ ಲ್ಯಾನ್ ಕೇಬಲ್ ಎಳೆದ್ವಿ. 100 ಮೀಟರ್ ತನಕ ಗಿಗಾಬಿಟ್‌ಗೆ ಅದು ಸಾಕು, ಮನೆಗೆ ಇನ್ನೂ ದುಬಾರಿದು ಬೇಡ, ಆದ್ರೆ ಪೂರ್ತಿ ತಾಮ್ರದ್ದೇ ಕೇಳ್ರಿ, ಅಲ್ಯೂಮಿನಿಯಂ ಮೇಲೆ ತಾಮ್ರ ಸವರಿರೋದನ್ನ ಕಡಿಮೆ ರೇಟಿಗೆ ಕೊಡ್ತಾರೆ, ಬಗ್ಗಿಸಿದ್ರೆ ಬೇಗ ಮುರೀತೈತೆ. ಜಾಕ್ ಹಾಕೋವಾಗ ಎರಡೂ ತುದಿಲಿ ಒಂದೇ ಬಣ್ಣದ ಸಾಲು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿ ಹುರಿಯನ್ನ ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಬೇಡ್ರಿ, ಹೊರಗಿನ ಕವರ್ ಜಾಕ್ ಒಳಗೆ ಹೋಗಿ ಕಚ್ಕೊಂಡಿರ್ಬೇಕು, ಆಮೇಲೇ ಕ್ರಿಂಪ್ ಇಕ್ಕಳ ಒತ್ರಿ.

ವೈರ್ ಸರಿ ಇದ್ದೂ 100 ಅಂದ್ರೆ ರೂಟರ್ ಪೋರ್ಟೇ 100ರದ್ದು ಇರ್ಬಹುದು. ಒಂದು ಗಿಗಾಬಿಟ್ ಸ್ವಿಚ್ (ಹಲವು ಲ್ಯಾನ್ ವೈರ್ ಸೇರಿಸೋ ಡಬ್ಬಿ) ತಂದು ಎರಡೂ ಪಿಸಿ ಅದಕ್ಕೆ ಹಾಕಿ, ಅದ್ರಿಂದ ಒಂದು ವೈರ್ ರೂಟರಿಗೆ ಕೊಡ್ರಿ.

ಲಿಂಕ್ 1000 ಐತೆ ಆದ್ರೂ ನಿಧಾನ ಅಂದ್ರೆ ವೈಫೈ ಆಫ್ ಮಾಡಿ ಐಪರ್ಫ್3 ಅನ್ನೋ ಸ್ಪೀಡ್ ಅಳೆಯೋ ಪ್ರೋಗ್ರಾಂ ಓಡಿಸ್ರಿ, ಅದು ಡಿಸ್ಕ್ ಮುಟ್ಟದೆ ಲೈನ್ ಮಾತ್ರ ಅಳೀತೈತೆ. ಅದ್ರಲ್ಲಿ 940 ಎಂಬಿಪಿಎಸ್ ಹತ್ರ ಬಂದ್ರೆ ನೆಟ್‌ವರ್ಕ್ ಬಿಟ್ಟು ಹಾರ್ಡ್ ಡಿಸ್ಕ್, ಆಂಟಿವೈರಸ್ ಕಡೆ ಹೋಗ್ರಿ. ಸಾವಿರಾರು ಸಣ್ಣ ಫೋಟೋ ಕಳಿಸೋದು ಅಂದ್ರೆ ಮಂಡಕ್ಕಿನ ಒಂದೊಂದೇ ಎಣಿಸಿ ಚೀಲಕ್ಕೆ ಹಾಕಿದಂಗೆ, ಎಲ್ಲಾ ಸೇರಿಸಿ ಒಂದು ಜಿಪ್ ಮಾಡಿ ಕಳಿಸ್ರಿ.