ಹೊಟ್ಟೆಯೊಳಗಿನ ಅಕ್ಷರ ಹಿಡಿದು ಇಂಗ್ಲಿಷ್ ಪದ ಕಲಿಯುವುದು ಹೇಗೆ?

ಪಕ್ಕದ ಮನೆ ಹುಡುಗ ಒಂಬತ್ತನೇ ಕ್ಲಾಸು. ದಿನಕ್ಕೆ ಹತ್ತು ಇಂಗ್ಲಿಷ್ ಪದ ಬಾಯಿಪಾಠ ಮಾಡಲಿ ಅಂತ ಅವರಮ್ಮ ಗೋಡೆಗೆ ಪಟ್ಟಿ ಅಂಟಿಸಿದ್ದಾರೆ. ಎಲ್ಲಾ 'ಎ'ಯಿಂದ ಶುರುವಾಗುವ ಪದಗಳೇ. ಹದಿನೈದು ದಿನ ಬಿಟ್ಟು ಕೇಳಿದೆ, ಅಬೇಟ್ ಅಂದರೇನೋ? "ಅಂಕಲ್, ಅದು ಅಬಾಲಿಶ್ ಪಕ್ಕದಲ್ಲಿದೆ" ಅಂದ. ಅರ್ಥ ಹೋಗಿದೆ, ಜಾಗ ಮಾತ್ರ ಉಳಿದಿದೆ. (ಅಬೇಟ್ ಅಂದರೆ ಕಮ್ಮಿಯಾಗು. ಮಳೆ, ಜ್ವರ ಇಳಿದ ಹಾಗೆ.)

ಮೊದಲ ಅಕ್ಷರದ ಪಟ್ಟಿ ಪದ ಹುಡುಕಲು ಸರಿ, ಕಲಿಯಲು ಅಲ್ಲ. ಪದದ ಹೊಟ್ಟೆಯೊಳಗಿನ ಅಕ್ಷರಗಳನ್ನು ಹಿಡಿಯಬೇಕು. ಕನ್ನಡದಲ್ಲಿ ಇದು ನಮಗೆ ಹೊಸದೇನಲ್ಲ. ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ ಅಂತ ಉಪಸರ್ಗದ ಪಾಠದಲ್ಲಿ ಓದಿದ್ದೇವಲ್ಲ, ಅದೇ ಉಪಾಯ. ಅಂದಹಾಗೆ ಹೋಟೆಲ್ ಬೋರ್ಡುಗಳಲ್ಲಿ ಬರೆಯುವ 'ಉಪಹಾರ' ಅಂದರೆ ಕಾಣಿಕೆ, ತಿಂಡಿಗೆ 'ಉಪಾಹಾರ' ಅನ್ನಬೇಕು. ಇಡ್ಲಿಯನ್ನು ಯಾರೂ ಕಾಣಿಕೆ ಕೊಡುತ್ತಿಲ್ಲ, ದುಡ್ಡು ಕೊಟ್ಟೇ ತಿನ್ನುತ್ತೇವೆ.

ಮೊದಲು ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಬಣ್ಣದ ಪೆನ್ನು, ಸ್ಟಿಕ್ಕರ್ ಬೇಡವೇ ಬೇಡ, ಅಲಂಕಾರದಲ್ಲೇ ಸಂಜೆ ಕಳೆದುಹೋಗುತ್ತದೆ.

ಆಮೇಲೆ ಪುಟಕ್ಕೆ ಒಂದೇ ಗುಂಪು. ನಾನು ಯಾವಾಗಲೂ ಆರ್-ಯು-ಪಿ-ಟಿಯಿಂದ ಶುರು ಮಾಡಿಸುತ್ತೇನೆ. ಲ್ಯಾಟಿನ್‌ನಲ್ಲಿ ಇದಕ್ಕೆ 'ಮುರಿ', 'ಒಡೆ' ಅಂತ ಅರ್ಥ. ನಿಘಂಟಿನ ಅರ್ಥವನ್ನು ನೇರ ಇಳಿಸಬೇಡಿ, ಮೊದಲು ಪದವನ್ನು ತುಂಡು ಮಾಡಿ. ಇಂಟರಪ್ಟ್‌ನಲ್ಲಿ 'ಇಂಟರ್' ಅಂದರೆ ನಡುವೆ. ನಡುವೆ ಮುರಿಯುವುದು, ಅಂದರೆ ಮಾತಿನ ಮಧ್ಯೆ ಬಾಯಿ ಹಾಕುವುದು. ಇರಪ್ಟ್‌ನಲ್ಲಿ ಮೊದಲ 'ಇ' ಅಂದರೆ ಹೊರಗೆ. ಒಡೆದು ಹೊರಗೆ ಚಿಮ್ಮುವುದು, ಜ್ವಾಲಾಮುಖಿಯ ಹಾಗೆ. ಅಬ್ರಪ್ಟ್ ಅಂದರೆ ಕಡಿದು ಬಿಟ್ಟ ಹಾಗೆ, ಥಟ್ಟನೆ. ಡಿಸ್ರಪ್ಟ್ ಅಂದರೆ ನಡೆಯುತ್ತಿದ್ದುದನ್ನು ಒಡೆದು ಚೆಲ್ಲಾಪಿಲ್ಲಿ ಮಾಡುವುದು. ಕೋರಮಂಗಲದ ಸ್ಟಾರ್ಟಪ್ ಹುಡುಗರಿಗೆ ಅದು ಹೊಗಳಿಕೆ, ಮಳೆ ಬಂದ ದಿನ ಸಿಲ್ಕ್ ಬೋರ್ಡ್‌ನಲ್ಲಿ ನಿಂತವರಿಗೆ ಅಲ್ಲ. ಬ್ಯಾಂಕ್ರಪ್ಟ್ ಬಂದದ್ದು ಇಟಲಿಯ ಭಾಷೆಯಿಂದ. ಮೂಲ ಮಾತಿನ ಅರ್ಥ 'ಮುರಿದ ಬೆಂಚು', ಯಾಕೆಂದರೆ ಆಗ ಹಣದ ವ್ಯಾಪಾರಿಗಳು ಬೆಂಚು ಹಾಕಿಕೊಂಡು ಕೂರುತ್ತಿದ್ದರು.

ಹೀಗೆ ತುಂಡು ಮಾಡಿದರೆ ಸ್ಪೆಲಿಂಗೂ ತಾನಾಗೇ ಕೂರುತ್ತದೆ. ಇಂಟರಪ್ಟ್‌ಗೆ ಎರಡು ಆರ್ ಯಾಕೆ? ಒಂದು 'ಇಂಟರ್'ನ ಕೊನೆಯದು, ಇನ್ನೊಂದು 'ರಪ್ಟ್'ನ ಮೊದಲನೆಯದು. ಆಫೀಸಿನ ಮೇಲ್‌ಗಳಲ್ಲಿ ಒಂದೇ ಆರ್ ಹಾಕುವವರನ್ನು ಬೇಕಾದಷ್ಟು ಜನರನ್ನು ನೋಡಿದ್ದೇನೆ.

ಜನ ಎಡವುವುದು ಇದರ ಮುಂದಿನ ಹಂತದಲ್ಲಿ. ಒಂದು ಗುಂಪು ಸಿಕ್ಕ ಖುಷಿಗೆ, ಅದೇ ಅಕ್ಷರ ಕಂಡ ಪದಗಳನ್ನೆಲ್ಲಾ ಅಲ್ಲಿಗೇ ತುಂಬುತ್ತಾರೆ. ಅಕ್ಷರ ಒಂದೇ ಆದ ಮಾತ್ರಕ್ಕೆ ನೆಂಟಸ್ತಿಕೆ ಇರಬೇಕು ಅಂತೇನಿಲ್ಲ. 

ಪಿ-ಇ-ಡಿ ತೆಗೆದುಕೊಳ್ಳಿ. ಪೆಡಲ್, ಪೆಡೆಸ್ಟ್ರಿಯನ್ ಎರಡರಲ್ಲೂ ಅದು ಲ್ಯಾಟಿನ್‌ನ 'ಪಾದ'. ಕಾಲಲ್ಲಿ ತುಳಿಯುವುದು, ಕಾಲ್ನಡಿಗೆಯವರು. ಆದರೆ ಮಕ್ಕಳ ಡಾಕ್ಟರಿಗೆ ಪೀಡಿಯಾಟ್ರಿಶಿಯನ್ ಅನ್ನುತ್ತೇವಲ್ಲ, ಅಲ್ಲಿರುವುದು ಗ್ರೀಕ್‌ನ 'ಮಗು'. ಹುಡುಗ ಅದಕ್ಕೆ 'ಕಾಲಿನ ಡಾಕ್ಟರ್' ಅಂತ ಬರೆದಿದ್ದ. ತಪ್ಪು ಅವನದಲ್ಲ, ಅವನು ದುಡ್ಡು ಕೊಟ್ಟು ಹಾಕಿಸಿಕೊಂಡಿದ್ದ ಆ್ಯಪ್‌ನಲ್ಲಿ ಎಲ್ಲವೂ ಒಂದೇ ಗುಂಪಿನಲ್ಲಿದ್ದವು. ಪದ ಎಲ್ಲಿಂದ ಬಂತು ಅಂತ ಹೇಳದ ಇಂಥ ಆ್ಯಪ್‌ಗೆ ಒಂದು ರೂಪಾಯಿಯೂ ಕೊಡಬೇಡಿ.

ಇನ್ನೊಂದು ಮೋಸ ಐ-ಎನ್. ಇನ್‌ವಿಸಿಬಲ್ ಅಂದರೆ ಕಾಣದ್ದು, ಇನ್‌ಕರೆಕ್ಟ್ ಅಂದರೆ ಸರಿಯಲ್ಲದ್ದು. ಸರಿ, 'ಇನ್' ಅಂದರೆ 'ಇಲ್ಲ' ಅಂತ ಬರೆದುಕೊಂಡು ರಸ್ತೆಗೆ ಬನ್ನಿ, ಎದುರಿಗೆ ಪೆಟ್ರೋಲ್ ಟ್ಯಾಂಕರ್. ಹಿಂದೆ 'ಹೈಲಿ ಇನ್‌ಫ್ಲೇಮಬಲ್' ಅಂತ ಬರೆದಿದೆ. ಬೆಂಕಿ ಹತ್ತದು ಅಂತ ತಿಳಿದು ಪಕ್ಕದಲ್ಲಿ ಬೀಡಿ ಹಚ್ಚಿದರೆ ಮುಗಿಯಿತು! ಇಲ್ಲಿನ 'ಇನ್' ಬೇರೆ, ಅದಕ್ಕೆ 'ಒಳಗೆ' ಅಂತ ಅರ್ಥ. ಬೇಗ ಬೆಂಕಿ ಹತ್ತುವಂಥದ್ದು ಅಂತಲೇ ಆ ಬರಹದ ಎಚ್ಚರಿಕೆ. ಈ ಗೊಂದಲಕ್ಕೇ ಈಗ ಎಷ್ಟೋ ಕಡೆ ಬರೀ 'ಫ್ಲೇಮಬಲ್' ಅಂತ ಬರೆಯುತ್ತಾರೆ. ಎರಡಕ್ಕೂ ಅರ್ಥ ಒಂದೇ.

ಹಾಗಾಗಿ ಪ್ರತಿ ಪದವನ್ನೂ ಪುಟಕ್ಕೆ ಸೇರಿಸುವ ಮೊದಲು ಅದರ ಹುಟ್ಟು ನೋಡಿ. ದೊಡ್ಡ ನಿಘಂಟುಗಳಲ್ಲಿ ಅರ್ಥದ ಜೊತೆಗೇ ಲ್ಯಾಟಿನ್, ಗ್ರೀಕ್ ಅಂತ ಕೊಟ್ಟಿರುತ್ತಾರೆ. ಅಂಥದ್ದೊಂದು ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತದೆ. ಚೌಕಾಸಿ ಮಾಡಿ, ಹಾಳೆ ಎಲ್ಲಾ ಇದೆಯಾ ನೋಡಿಕೊಳ್ಳಿ. ಹುಟ್ಟು ಬೇರೆಯಾದರೆ ಪದವನ್ನು ಬಿಸಾಡಬೇಡಿ, ಅದೇ ಪುಟದ ಕೆಳಗೆ ಗೆರೆ ಎಳೆದು 'ನೆಂಟರಲ್ಲ' ಅಂತ ಬರೆದು ಅಲ್ಲಿ ಹಾಕಿ. ನನ್ನ ಅನುಭವದಲ್ಲಿ ಗೆರೆಯ ಕೆಳಗಿನ ಪದಗಳೇ ಜಾಸ್ತಿ ದಿನ ನೆನಪಿರುತ್ತವೆ.

ವಾರಕ್ಕೆ ಎರಡು ಗುಂಪು ಸಾಕು. ಮುಂದಿನ ಪುಟಕ್ಕೆ ಎಸ್-ಪಿ-ಇ-ಸಿ-ಟಿ ತೆಗೆದುಕೊಳ್ಳಿ, ಲ್ಯಾಟಿನ್‌ನಲ್ಲಿ 'ನೋಡು'. ಇನ್‌ಸ್ಪೆಕ್ಟ್, ಸ್ಪೆಕ್ಟೇಟರ್, ಸಸ್ಪೆಕ್ಟ್, ರೆಸ್ಪೆಕ್ಟ್. ಏನೂ ಹೊಳೆಯದಿದ್ದರೆ ಅಜ್ಜಿಯ ಸ್ಪೆಕ್ಟಕಲ್ಸ್‌ನಿಂದಲೇ ಶುರು ಮಾಡಿ.