ಜೀಪಿನ ಗೇರ್‌ಬಾಕ್ಸ್ ಇಳಿಸುವ ಮುಂಚೆ ಸದ್ದು ಕೇಳಿ

ಸಂಡೂರು ಗುಡ್ಡದ ಕಡೆ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ) ಜೀಪು ಓಡಿಸುವವರಿಗೆ ಇದು. ಕೆಳಗಿಂದ ಸದ್ದು ಬಂತು ಅಂತ ಸುಮ್ನೆ ಗೇರ್‌ಬಾಕ್ಸ್ ಇಳಿಸಬೇಡಿ. ನಾನು ಇಳಿಸಿ ದುಡ್ಡು ಕಳೆದುಕೊಂಡೆ. ಕೊನೆಗೆ ನೋಡಿದರೆ ಹೋಗಿದ್ದು ಪ್ರೊಪೆಲರ್ ಶಾಫ್ಟಿನ (ಶಕ್ತಿಯನ್ನು ಚಕ್ರಗಳ ಕಡೆ ಒಯ್ಯುವ ಉದ್ದ ದಂಡದ) ಕ್ರಾಸ್, ಅಂದರೆ ಅದರ ತುದಿಯ ಜಾಯಿಂಟು!

ಮೊದಲು ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇಡಿ. ಗುರ್ ಅನ್ನುವ ಸದ್ದು ಕ್ಲಚ್ ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ ಅನುಮಾನ. ಒತ್ತಿದಾಗಲೇ ಶುರುವಾದರೆ ಕ್ಲಚ್ ರಿಲೀಸ್ ಬೇರಿಂಗ್.

ರಿವರ್ಸಿನಿಂದ ಫಸ್ಟಿಗೆ ಹಾಕಿ ಕ್ಲಚ್ ಬಿಟ್ಟಾಗ 'ಟಣ್' ಅಂದರೆ ಕ್ರಾಸ್ ನೋಡಿ. ಎಂಜಿನ್ ಬಂದ್ ಮಾಡಿ, ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಶಾಫ್ಟನ್ನು ಕೈಯಲ್ಲಿ ಅಲ್ಲಾಡಿಸಿ. ಜಾಯಿಂಟಿನಲ್ಲೇ ಆಟ (ಸಡಿಲ) ಕಂಡರೆ ಅದೇ ಕಳ್ಳ. ನಮ್ಮ ಕೆಂಪು ಅದಿರಿನ ಧೂಳಿನಲ್ಲಿ ಗ್ರೀಸ್ ಹೊಡೆಸುವುದನ್ನು ತಪ್ಪಿಸಲೇಬಾರದು.

ಓಡುವಾಗ ಊಳಿಡುವ ಸದ್ದು ಆಕ್ಸಿಲರೇಟರ್ ಬಿಟ್ಟಾಗ ಬದಲಾದರೆ ಡಿಫರೆನ್ಷಿಯಲ್ (ತಿರುವಿನಲ್ಲಿ ಎಡ-ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು) ಕಡೆ ನೋಡಿ, ತಿರುವಿನಲ್ಲಿ ಬದಲಾದರೆ ವೀಲ್ ಬೇರಿಂಗ್.

ಇನ್ನು ಫೋರ್ ವೀಲ್‌ನಿಂದ ಟೂ ವೀಲ್‌ಗೆ (ಎರಡು ಚಕ್ರಕ್ಕೆ ಮಾತ್ರ ಶಕ್ತಿ) ಲಿವರ್ ಬರುತ್ತಿಲ್ಲ ಅನ್ನುವ ದೂರು ಜಾಸ್ತಿ. ಬಹಳ ಸಲ ಅದು ರಿಪೇರಿಯೇ ಅಲ್ಲ. ಒಣ ಡಾಂಬರು ರಸ್ತೆಯಲ್ಲೂ ಫೋರ್ ವೀಲ್‌ನಲ್ಲೇ ಓಡಿಸಿರುತ್ತೀರಿ, ಅಲ್ವಾ? ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡಬೇಕು. ಸೆಂಟರ್ ಡಿಫರೆನ್ಷಿಯಲ್ (ಮುಂದಿನ-ಹಿಂದಿನ ಶಾಫ್ಟು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವಂಥದ್ದು) ಇಲ್ಲದ ಜೀಪಿನಲ್ಲಿ ಆ ವ್ಯತ್ಯಾಸ ಶಾಫ್ಟುಗಳನ್ನು ಬಿಗಿ ಹಿಡಿಸುತ್ತದೆ. ಸ್ವಲ್ಪ ದೂರ ನೇರ ಹಿಂದಕ್ಕೆ ಓಡಿಸಿ, ಲಿವರ್ ಎಳೆಯಿರಿ. ಸುತ್ತಿಗೆ ಬೇಡ ಮಾರಾಯ್ರೇ.

ಹಳ್ಳ ದಾಟಿ ಬಂದಿದ್ದರೆ ಡಿಫರೆನ್ಷಿಯಲ್ ಆಯಿಲ್ ಬಿಚ್ಚಿ ನೋಡಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ, ಅವತ್ತೇ ಬದಲಿಸಿ.